ಫೋಟೋ ಇಲ್ಲದ ಶನಿವಾರಗಳು

ಅಥವಾ ‘ಇಳಿಯೋಣ’ ಎಂದವನು ನಾನೇ ಇರಬಹುದು. ಇಷ್ಟು ದಿನ ಆ ಮಾತನ್ನು ಮಗಳ ಬಾಯಿಗೆ ಕೊಟ್ಟು ಹೇಳಿಕೊಂಡು ಬಂದಿದ್ದೇನೆ, ಯಾಕೆಂದರೆ ಹಾಗೆ ಹೇಳಿದರೆ ಕೇಳುವವರ ಕಣ್ಣು ತುಂಬುತ್ತದೆ. ಮೆಟ್ರೋ ಹಲಸೂರು ಸ್ಟೇಷನ್ನಿನಲ್ಲಿ ನಿಂತಿತ್ತು, ಬಾಗಿಲು ತೆರೆದಿತ್ತು, ನಮ್ಮಿಬ್ಬರಲ್ಲಿ ಒಬ್ಬರು ಆ ಮಾತು ಆಡಿದರು, ಇಬ್ಬರೂ ಇಳಿದೆವು. ಇಷ್ಟು ಖಚಿತ. ಅವಳ ಕೂದಲಿಗೆ ರಿಬ್ಬನ್ ಇತ್ತೋ ಕ್ಲಿಪ್ಪೋ, ಹೊರಗೆ ಬಿಸಿಲಿತ್ತೋ ಮೋಡವೋ, ಯಾವುದನ್ನೂ ಪ್ರಮಾಣ ಮಾಡಿ ಹೇಳಲಾರೆ. ಪ್ರಮಾಣ ಮಾಡಿ ಹೇಳುವ ಕೆಲಸ ನನಗೆ ಸಾಕಾಗಿಯೂ ಇದೆ. ಆ ದಿನದ ಒಂದೇ ಒಂದು ಫೋಟೋ ಇಲ್ಲ. ಮರೆತು ತೆಗೆಯದೇ ಹೋದದ್ದಲ್ಲ, ಹಟ ಹಿಡಿದು ತೆಗೆಯದೇ ಬಿಟ್ಟದ್ದು.

ಹೊಟ್ಟೆಪಾಡಿಗೆ ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಇಂದಿರಾನಗರದ ಒಂದು ಮಹಡಿಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಹೊದಿಸಿದ ಕೋಣೆಯಲ್ಲಿ ಕೂತು, ಜನರ ನೆನಪುಗಳನ್ನು ಅಚ್ಚುಕಟ್ಟು ಮಾಡುವುದು ನನ್ನ ಕೆಲಸ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಹೊತ್ತಿಗೆ ಅಪ್ಪ ಅಡುಗೆಯವರ ಜೊತೆ ಜಗಳಕ್ಕೆ ನಿಂತಿರುತ್ತಾನೆ. ಆಗ ನಾನು, ಬೆಳಿಗ್ಗೆ ಹೋಮದ ಹೊಗೆಗೆ ಅವನ ಕಣ್ಣಲ್ಲಿ ನೀರು ಬಂದಿದ್ದ ತುಣುಕನ್ನು ತಂದು ಅಲ್ಲಿ ಅಂಟಿಸುತ್ತೇನೆ. ವರ್ಷವಾದ ಮೇಲೆ ಅದೇ ಅಪ್ಪ ಅದನ್ನು ನೋಡಿ, “ಅವತ್ತು ತಡ್ಕೊಳ್ಳಕ್ಕೇ ಆಗ್ಲಿಲ್ಲ ನಂಗೆ” ಎನ್ನುತ್ತಾನೆ. ಸುಳ್ಳು ಹೇಳುತ್ತಿರುವುದಿಲ್ಲ. ನಾನು ಅಂಟಿಸಿದ್ದನ್ನೇ ನೆನಪಿಸಿಕೊಳ್ಳುತ್ತಿರುತ್ತಾನೆ. ಇಂಥ ಕೆಲಸ ಮಾಡುವವನಿಗೆ ತನ್ನ ನೆನಪಿನ ಮೇಲೆ ಎಷ್ಟು ನಂಬಿಕೆ ಇರಬೇಕೋ ಅಷ್ಟೇ ನನಗೂ ಇದೆ.

ನನ್ನ ಮದುವೆ ಮುರಿದದ್ದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಅದು ಇಬ್ಬರ ಸ್ವತ್ತು, ಒಬ್ಬನೇ ಮಾರುವಂತಿಲ್ಲ. ಮುರಿದ ಮೇಲೆ ಮಗಳು ತಾಯಿಯೊಂದಿಗೆ ಕೆ.ಆರ್. ಪುರದ ಅಪಾರ್ಟ್‌ಮೆಂಟಿಗೆ ಹೋದಳು. ನಾನು ಹಲಸೂರಿನ ನಮ್ಮ ಹಳೆಯ ಮನೆಯಲ್ಲಿ ಅಮ್ಮನ ಜೊತೆ ಉಳಿದೆ. ಕೌಟುಂಬಿಕ ನ್ಯಾಯಾಲಯ ಸದ್ಯಕ್ಕೆಂದು ಒಂದು ಆದೇಶ ಕೊಟ್ಟಿತು: ಪ್ರತಿ ಶನಿವಾರ ಎರಡು ಗಂಟೆ ಕಾಲ, ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಉಸ್ತುವಾರಿಯವರ ಕಣ್ಣೆದುರು. ನಾನು ಕೇಳಿದ್ದು ಬಹಳವಲ್ಲ. ವಾರದ ಕೊನೆಗೆ ಅವಳು ಹಲಸೂರಿನ ಮನೆಗೆ ಬಂದು ಮಲಗಿ ಏಳಬೇಕು, ಬೇಸಿಗೆ ರಜೆಯ ಅರ್ಧ ನಮ್ಮೊಂದಿಗೆ ಕಳೆಯಬೇಕು. ಬೆಳಿಗ್ಗೆ ಎದ್ದ ಮಗುವಿನ ಮುಖ ಹೇಗಿರುತ್ತದೆ ಎಂದು ನೋಡುವ ಹಕ್ಕು. ಅಷ್ಟನ್ನು ಕೇಳಲು ವಕೀಲರು ಬೇಕಾದರು.

ಆ ಕೋಣೆಯಲ್ಲಿ ನನಗೊಬ್ಬ ಗೆಳೆಯ ಸಿಕ್ಕ. ಶಿವಾಜಿನಗರದವನು, ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಮಕ್ಕಳ ಬಟ್ಟೆ ಅಂಗಡಿ ಇಟ್ಟವನು. ನನ್ನ ಹಾಗೇ ಶನಿವಾರದ ಅಪ್ಪ. ಅಂಗಡಿಗೆ ಬಂದ ಮಗುವನ್ನು ಒಮ್ಮೆ ನೋಡಿದರೆ ಸಾಕು, ಅಳತೆ ಹಿಡಿಯದೆ ಸೈಜು ಹೇಳುತ್ತೇನೆಂದು ಅವನಿಗೆ ಹೆಮ್ಮೆ. ರಮ್ಜಾನ್ ಹತ್ತಿರ ಬಂದಾಗ ಮಗನಿಗೆ ಜರಿ ಕೆಲಸದ ಶೇರ್ವಾನಿ ತಂದಿದ್ದ. ಹುಡುಗ ತೊಟ್ಟುಕೊಂಡ. ತೋಳು ಮೊಣಕೈಯ ಸ್ವಲ್ಪ ಕೆಳಗೆ ನಿಂತುಬಿಟ್ಟಿತು. ಹುಡುಗ ಗಂಭೀರವಾಗಿ, “ಯೇ ಕಿಸ್ಕೂ ಲಾಯೇ ಅಬ್ಬಾ?” ಎಂದು ಕೇಳಿದ. ಯಾರಿಗೆ ತಂದಿರಿ ಇದನ್ನು?

ಗೆಳೆಯ ಜೋರಾಗಿ ನಕ್ಕ. ಆಮೇಲೆ ಹೊರಗೆ ಚಹಾ ಕುಡಿಯುವಾಗ, “ಪೂರಾ ಊರ್ ಮಕ್ಳ ಸೈಜ್ ಗೊತ್ತು ಗುರು ನಂಗೆ. ನಂದೇ ಮಗಂದು ಫೇಲ್” ಎಂದ.

“ಎಲ್ರುದೂ ಹಂಗೇ. ನಾನ್ ತಂದ ಶೂ ಅವ್ಳ ಬೆರಳಿಗೂ ಹತ್ಲಿಲ್ಲ.”

“ಅಲ್ವೋ, ಮನೇಲಿ ಯಾವ ಸೈಜ್ ಬಿಟ್ಟು ಹೋಯ್ತೋ, ತಲೇಲಿ ಅದೇ ಸೈಜ್ ಕೂತಿದೆ. ಮಗು ಬೆಳೀತಾನೇ ಇದೆ ಅಲ್ಲಿ, ನಮ್ಮನ್ ಕೇಳ್ದೆ.”

ನಾವು ಶನಿವಾರದ ಅಪ್ಪಂದಿರು ಮಾಡುವ ತಪ್ಪು ಇದೇ. ಹಳೆಯ ಮಗುವಿಗೆ ಹೊಸ ಬಟ್ಟೆ ತರುತ್ತೇವೆ.

ನನ್ನ ವಕೀಲೆಯ ಆಫೀಸು ಬೆನ್ಸನ್ ಟೌನಿನಲ್ಲಿ. ಗಟ್ಟಿ ಹೆಂಗಸು, ಕೆಲಸದಲ್ಲಿ ಚುರುಕು. ಮೊದಲ ದಿನವೇ ಹೇಳಿದ್ದರು: “ನಿಮಗೆ ಪ್ರೀತಿ ಇದೆ ಅಂತ ನಾನ್ ಹೇಳಿದ್ರೆ ಯಾರೂ ಕೇಳಲ್ಲ ರೀ. ಕಾಣಿಸ್ಬೇಕು. ಪ್ರತಿ ಸಲ ಫೋಟೋ ತೆಗೀರಿ, ವಿಡಿಯೋ ತೆಗೀರಿ. ಮಗು ನಗ್ತಾ ಇರ್ಬೇಕು.” ತೆಗೆದೆ. ಕಸುಬು ಗೊತ್ತಿದ್ದವನಲ್ಲವೇ, ಚೆನ್ನಾಗಿಯೇ ತೆಗೆದೆ. ಎಲ್ಲ ಸೇರಿಸಿ ಒಂದು ಪುಟ್ಟ ವಿಡಿಯೋ ಕಟ್ ಮಾಡಿದೆ. ಬ್ಲಾಕ್ಸ್ ಜೋಡಿಸುವ ಕೈ, ಬಿದ್ದಾಗ ನಗು, ಹೊರಡುವಾಗ ತಿರುಗಿ ನೋಡುವ ಕಣ್ಣು. ಆ ಕಣ್ಣು ತಿರುಗಿದ್ದು ಬೇರೆ ಯಾವುದೋ ಶನಿವಾರ, ಐಸ್‌ಕ್ರೀಮ್ ಗಾಡಿಯ ಕಡೆಗೆ. ವಕೀಲೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. “ಬ್ಯೂಟಿಫುಲ್ ರೀ. ಇದು ಸಾಕು.”

ಮುಂದಿನ ಶನಿವಾರ ಮಗಳು ಬಣ್ಣ ಹಚ್ಚುತ್ತ ಕೂತಿದ್ದಳು. ಮೂಗಿನ ತುದಿಗೆ ಹಸಿರು ಬಣ್ಣ ತಾಗಿತ್ತು. ಕೇಸಿಗಲ್ಲ, ಸುಮ್ಮನೆ, ನೋಡಬೇಕೆನಿಸಿ ಫೋನ್ ಎತ್ತಿದೆ. ಅವಳು ಕೂಡಲೇ ಮೂಗು ಒರೆಸಿಕೊಂಡಳು, ಸರಿದು ಬಂದು ನನ್ನ ಭುಜಕ್ಕೆ ತಲೆಯಿಟ್ಟಳು, ಹಲ್ಲು ಕಾಣುವಂತೆ ನಕ್ಕಳು. ಆ ನಗುವನ್ನು ಕದಲಿಸದೆ ಹಲ್ಲಿನ ನಡುವಿನಿಂದಲೇ ಕೇಳಿದಳು:

“ಕೋರ್ಟ್ ಫೋಟೋನಾ ಅಪ್ಪಾ? ಬೇಗ ತೆಗಿ, ಕತ್ತು ನೋಯತ್ತೆ.”

ಫೋನ್ ಕೆಳಗಿಟ್ಟೆ. “ಯಾರ್ ಹೇಳಿದ್ರು ನಿಂಗೆ?”

“ಅಮ್ಮನ ಮನೇಲೂ ತೆಗೀತಾರಲ್ಲ. ಅಲ್ಲಿ ಓದ್ತಿರೋ ಫೋಟೋ. ಇಲ್ಲಿ ನಗೋ ಫೋಟೋ.”

ಆವತ್ತಿನಿಂದ ನಾನು ಒಂದೂ ಫೋಟೋ ತೆಗೆದಿಲ್ಲ. ಆ ವಿಡಿಯೋ ಕೋರ್ಟಿಗೆ ಕೊಡಬೇಡಿ ಎಂದೆ. ವಕೀಲೆಗೆ ಸಿಟ್ಟು ಬಂತು.

“ಎದುರಿನವ್ರು ಆಲ್ಬಮ್ಮೇ ತಂದಿದಾರೆ. ನೀವು ಬರಿಗೈಲಿ ನಿಲ್ತೀರಾ?”

“ನಿಲ್ತೀನಿ.”

“ಸರಿ. ತಾಯಿ ಸರಿಯಾಗಿ ನೋಡ್ಕೊಳಲ್ಲ ಅಂತಾದ್ರೂ ಬರೀಲಾ?”

“ಅವಳು ಚೆನ್ನಾಗೇ ನೋಡ್ಕೋತಾಳೆ.”

“ಹಂಗಿದ್ರೆ ನಿಮಗ್ಯಾಕ್ರೀ ಬೇಕು ಮಗು?”

“ನೋಡ್ಕೊಳೋರು ಒಬ್ರಿದ್ರೆ ಇನ್ನೊಬ್ರು ಬೇಡ್ವಾ ಮೇಡಂ? ನಾನೇನ್ ಸ್ಪೇರ್ ಟೈರಾ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಈ ಡೈಲಾಗ್ ನನ್ ಹತ್ರ ಹೊಡೀಬಹುದು. ಅಲ್ಲಿ ನಡಿಯಲ್ಲ.”

ನಡೆಯದಿದ್ದರೆ ಬೇಡ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ವ್ಯಾಜ್ಯ ಗಂಡಸನ್ನು ಏನು ಮಾಡುತ್ತದೆಂದು ಕೇಳುವವರು ಸಿದ್ಧ ಉತ್ತರ ಇಟ್ಟುಕೊಂಡೇ ಕೇಳುತ್ತಾರೆ. ಕುಡಿಯುತ್ತಾನೆ, ಗಡ್ಡ ಬಿಡುತ್ತಾನೆ, ಇಲ್ಲವೇ ಇನ್ನೊಂದು ಮದುವೆಯಾಗುತ್ತಾನೆ. ನಾನು ಮೂರನ್ನೂ ಮಾಡಲಿಲ್ಲ. ನನಗೆ ಆದದ್ದು ಬೇರೆ. ಭಾನುವಾರಗಳಲ್ಲಿ ಕಿವಿ ಕೆಟ್ಟುಹೋಗುತ್ತಿತ್ತು. ಬೀದಿಯಲ್ಲಿ ಯಾವ ಮಗು ‘ಅಪ್ಪಾ’ ಎಂದರೂ ತಿರುಗುತ್ತಿದ್ದೆ. ತಿರುಗಬಾರದೆಂದು ಕತ್ತು ಬಿಗಿಹಿಡಿದು ನಡೆದೂ ನೋಡಿದೆ. ಮದುವೆ ವಿಡಿಯೋಗಳಲ್ಲಿ ಅಪ್ಪಂದಿರ ಹೆಗಲ ಮೇಲೆ ನಿದ್ದೆ ಹೋದ ಮಕ್ಕಳು ಬಂದರೆ ಆ ತುಣುಕನ್ನು ಕತ್ತರಿಸಿ ಎಸೆಯುತ್ತಿದ್ದೆ. ಗಿರಾಕಿಗಳಿಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ಕರುಣೆಗಾಗಿ ಬರೆಯುತ್ತಿಲ್ಲ. ‘ಪಾಪ’ ಎನ್ನುವವರನ್ನು ಕಂಡರೆ ನನಗೆ ಉರಿಯುತ್ತದೆ. ನಾನು ಸೋತವನಲ್ಲ, ತಡೆಯಲ್ಪಟ್ಟವನು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಕೆಲವು ತಿಂಗಳ ನಂತರ ಆದೇಶ ಸ್ವಲ್ಪ ಸಡಿಲವಾಯಿತು. ಶನಿವಾರ ಮಧ್ಯಾಹ್ನ ಅವಳನ್ನು ನಾನು ಹೊರಗೆ ಕರೆದೊಯ್ಯಬಹುದು, ಆದರೆ ಸಾರ್ವಜನಿಕ ಸ್ಥಳಗಳಿಗೆ ಮಾತ್ರ. ನನ್ನ ಮನೆಗೆ ಕೂಡದು. ಮೊದಲ ಶನಿವಾರ ಅವಳ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ಕೈಯಲ್ಲಿ ಟ್ಯಾಬ್ ಹಿಡಿದು ಕೇಳಿದ:

“ಏನಂತ ಹಾಕ್ಲಿ ಸಾರ್?”

“ಅಪ್ಪ ಅಂತ ಹಾಕಿ.”

“ಅದಿಲ್ಲ ಸಾರ್ ಇದ್ರಲ್ಲಿ. ಗೆಸ್ಟು, ಡೆಲಿವರಿ, ಕ್ಯಾಬು, ಪ್ಲಂಬರು, ಇಷ್ಟೇ ಇರೋದು.”

“ಗೆಸ್ಟ್ ಅಲ್ಲ ನಾನು.”

“ಎಲ್ರೂ ಅದನ್ನೇ ಒತ್ತೋದು ಸಾರ್. ಒತ್ಬಿಡ್ಲಾ?”

“ಬೇಡ. ಇಲ್ಲೇ ನಿಂತಿರ್ತೀನಿ. ಅವಳೇ ಬರ್ತಾಳೆ.”

“ಬಿಸ್ಲು ಸಾರ್.”

“ಬಿಸ್ಲಿಗೆ ಏನಂತ ಹಾಕಿದೀರಾ?”

ಅವನಿಗೆ ನಗು ಬಂತು, ಕುರ್ಚಿ ತಂದು ಗೇಟಿನ ಹೊರಗೆ ಹಾಕಿದ. ನಾನು ಕೂರಲಿಲ್ಲ. ಆವತ್ತಿನಿಂದ ಪ್ರತಿ ಶನಿವಾರ ಗೇಟಿನ ಹೊರಗೇ ನಿಂತೆ. ಒಂದು ಸಲವೂ ಗೆಸ್ಟ್ ಆಗಲಿಲ್ಲ.

ಹೋಗುವುದೆಲ್ಲಿಗೆ? ಮಾಲುಗಳು ನಮ್ಮಿಬ್ಬರಿಗೂ ಬೇಗ ಬೇಸರವಾದವು. ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಆಟೋದೊಳಗೇ ಒಂದು ಶನಿವಾರ ಮುಗಿದುಹೋಯಿತು. ಕೊನೆಗೆ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಎಂ.ಜಿ. ರೋಡಿನವರೆಗೆ ಹೋಗಿ ಬರುವುದು ರೂಢಿಯಾಯಿತು. ಕಿಟಕಿಯ ಪಕ್ಕ ಕೂತು ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಹಲಸೂರಿನ ಹತ್ತಿರ ಬಂದಾಗ ಮಾತ್ರ ಇಬ್ಬರೂ ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದೆವು. ಅಲ್ಲೇ ಕೆಳಗೆ ನಮ್ಮ ಮನೆ. ಅವಳು ನಡೆಯಲು ಕಲಿತದ್ದು ಆ ಮನೆಯ ಕೆಂಪು ನೆಲದ ಮೇಲೆ.

ಅಂಥ ಒಂದು ಶನಿವಾರ, ನಾನು ಆಗಲೇ ಹೇಳಿದ ಹಾಗೆ, ನಮ್ಮಲ್ಲೊಬ್ಬರು ‘ಇಳಿಯೋಣ’ ಎಂದರು. ಪ್ಲಾಟ್‌ಫಾರ್ಮಿನ ಕೊನೆಗೆ ನಡೆದರೆ ಗೋಡೆ ತಗ್ಗಾಗಿ, ಟೆರೇಸುಗಳ ನಡುವೆ ನಮ್ಮ ಮನೆಯ ಮಹಡಿ ಬೆರಳಗಲ ಕಾಣುತ್ತದೆ. ಮೆಟ್ರೋ ಸ್ಟೇಷನ್ ಸಾರ್ವಜನಿಕ ಸ್ಥಳ ತಾನೇ? ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮಾ, ಮಹಡಿ ಮೇಲ್ ಬಾ.”

“ಬಟ್ಟೆ ಇನ್ನೂ ಒಣಗಿಲ್ಲ ಕಣೋ.”

“ಬಟ್ಟೆಗಲ್ಲ. ಬಂದು ಸ್ಟೇಷನ್ ಕಡೆ ನೋಡು.”

ಏದುಸಿರು, ಮೆಟ್ಟಿಲು, ಬಾಗಿಲ ಚಿಲಕ, ಎಲ್ಲ ಫೋನಿನಲ್ಲಿ ಕೇಳಿಸಿತು. “ಏನೂ ಕಾಣಲ್ವಲ್ಲೋ. ಒಂದು ನೀಲಿ ಚುಕ್ಕಿ ಕಾಣ್ತದೆ.”

“ಆ ಚುಕ್ಕೀನೇ ನಿನ್ ಮೊಮ್ಮಗಳು.”

ಮಗಳು ಫೋನ್ ಕಿತ್ತುಕೊಂಡಳು. “ಅಜ್ಜೀ! ಕೈ ಬೀಸು! ಜೋರಾಗಿ! ನೀನೂ ಚುಕ್ಕಿ ಥರಾನೇ ಕಾಣ್ತಿದೀಯ!”

“ಬೀಸ್ತಾ ಇದೀನಲ್ಲೇ, ರೆಟ್ಟೆ ಬಿದ್ದೋಯ್ತದೆ. ತಡಿ.”

ಅಮ್ಮ ತಂತಿಯ ಮೇಲಿದ್ದ ಏನನ್ನೋ ಎಳೆದು ತಲೆಯ ಮೇಲೆ ಗರಗರ ಬೀಸತೊಡಗಿದಳು. ಮಗಳು ಕುಣಿದಳು. ಸ್ಟೇಷನ್ನಿನ ಗಾರ್ಡ್ ಬಂದು, “ಹಳದಿ ಗೆರೆ ಈಚೆ ನಿಂತ್ಕೊ ಪುಟ್ಟ” ಎಂದ, ಆಮೇಲೆ ಅವನೂ ಬಗ್ಗಿ ನೋಡಿ, “ಯಾರ್ ಸಾರ್ ಅದು?” ಎಂದು ಕೇಳಿದ. ರೈಲುಗಳು ಬಂದವು, ಹೋದವು. ನಾವು ಹತ್ತಲಿಲ್ಲ.

ಅಮ್ಮ ಬೀಸಿದ್ದು ತನ್ನ ಕೆಂಪಂಚಿನ ಸೀರೆ ಎಂದು ಅವಳ ವಾದ. ಅಲ್ಲ, ಬೆಡ್‌ಶೀಟ್ ಎನ್ನುತ್ತಾಳೆ ಮಗಳು. ನನ್ನ ತಲೆಯಲ್ಲಿ ಇರುವುದು ಒಂದು ಟವೆಲ್ಲು. ಸ್ಟುಡಿಯೋದಲ್ಲಾದರೆ ಒಂದನ್ನು ಉಳಿಸಿ ಎರಡನ್ನು ತೆಗೆಯುತ್ತಿದ್ದೆ. ಇಲ್ಲಿ ಮೂರೂ ಹಾರಲಿ.

ಆಮೇಲೆ ನ್ಯಾಯಾಧೀಶರು ಮಗುವಿನ ಜೊತೆ ತಮ್ಮ ಕೋಣೆಯಲ್ಲಿ ಒಂಟಿಯಾಗಿ ಮಾತಾಡುವ ದಿನ ಗೊತ್ತಾಯಿತು. ಮಗಳಿಗೆ ಆಗ ಒಂಬತ್ತು ತುಂಬಿತ್ತು. “ಏನ್ ಹೇಳ್ಬೇಕು ಅಂತ ಸ್ವಲ್ಪ ಹೇಳ್ಕೊಡಿ. ಎಲ್ರೂ ಹೇಳ್ಕೊಡ್ತಾರೆ” ಎಂದರು ವಕೀಲೆ. ಶಿವಾಜಿನಗರದ ಗೆಳೆಯನನ್ನು ಕೇಳಿದೆ.

“ಮಾಡ್ಬೇಡ ಗುರು. ಅವ್ರು ಕಲ್ಸಿದ್ರು, ನಾನೂ ಕಲ್ಸಿದೆ. ನನ್ ಮಗ ಒಳಗೆ ಹೋಗಿ ಎರಡೂ ಬಾಯ್‌ಪಾಠ ಒಪ್ಪಿಸ್ಬಿಟ್ಟ. ಒಂದಾದ್ಮೇಲ್ ಒಂದು. ಜಡ್ಜ್ ಕೇಳಿದ್ರಂತೆ, ನಿಂದು ಯಾವ್ದಪ್ಪಾ ಇದ್ರಲ್ಲಿ ಅಂತ.” ಈ ಸಲ ಅವನು ನಗಲಿಲ್ಲ.

ಅದಕ್ಕೆ ಮುಂಚಿನ ಶನಿವಾರ ಮೆಟ್ರೋದಲ್ಲಿ ಮಗಳೇ ಕೇಳಿದಳು. “ಅಪ್ಪಾ, ಜಡ್ಜ್ ಮೇಡಂ ಕೇಳಿದ್ರೆ ಏನ್ ಹೇಳ್ಲಿ?”

ನನ್ನ ನಾಲಿಗೆಯ ತುದಿಯಲ್ಲಿ ಪೂರ್ತಿ ವಾಕ್ಯವೇ ಇತ್ತು. ಸಣ್ಣದು, ಒಂಬತ್ತರ ಮಗುವಿಗೆ ಸುಲಭವಾಗಿ ಬಾಯಿಪಾಠವಾಗುವಂಥದ್ದು. ನುಂಗಿದೆ.

“ನಿಂಗೆ ಏನ್ ಅನ್ಸತ್ತೋ ಅದು.”

“ಏನ್ ಅನ್ಸತ್ತೆ ಅಂತ ನಂಗೇ ಗೊತ್ತಿಲ್ದಿದ್ರೆ?”

“ಗೊತ್ತಿಲ್ಲ ಅನ್ನು. ಅದೂ ಉತ್ತರಾನೇ.”

“ನೀನ್ ಬೇಜಾರ್ ಮಾಡ್ಕೊಳಲ್ವಾ?”

“ಮಾಡ್ಕೋತೀನಿ. ಮಾಡ್ಕೊಂಡ್ರೂ ಶನಿವಾರ ಬರ್ತೀನಿ.”

ಗೊತ್ತುಮಾಡಿದ ದಿನ ನ್ಯಾಯಾಧೀಶರ ಕೋಣೆಯ ಬಾಗಿಲು ಮಗಳ ಹಿಂದೆ ಮುಚ್ಚಿಕೊಂಡಿತು. ಹೊರಗೆ ಒಂದು ಬೆಂಚಿನಲ್ಲಿ ನಾನು, ಎದುರಿನ ಬೆಂಚಿನಲ್ಲಿ ಅವಳ ತಾಯಿ. ಅವಳು ನೀರಿನ ಬಾಟಲಿಯ ಮುಚ್ಚಳ ತೆಗೆಯಲು ನೋಡುತ್ತಿದ್ದಳು, ಬಿಗಿಯಾಗಿತ್ತು, ಬರುತ್ತಿರಲಿಲ್ಲ. ನಾನು ಕೈ ಚಾಚಿದೆ. ಕೊಟ್ಟಳು. ತೆಗೆದುಕೊಟ್ಟೆ. ಒಳಗಿನಿಂದ ಒಮ್ಮೆ ಮಗಳ ನಗು ಕೇಳಿಸಿತು, ಅಥವಾ ಕೇಳಿಸಿತೆಂದುಕೊಂಡೆ. ಹೊರಗೆ ಬಂದವಳು, “ಚಾಕ್ಲೇಟ್ ಕೊಟ್ರು” ಎಂದಳು, ಅಷ್ಟೇ.

ಆದೇಶ ಬಂತು. ತಿಂಗಳಿಗೆ ಒಂದು ಶನಿವಾರ ರಾತ್ರಿ ಹಲಸೂರಿನ ಮನೆಯಲ್ಲಿ. ಬೇಸಿಗೆ ರಜೆಯ ಮಾತಿಲ್ಲ. ಕೇಳಿದ್ದಕ್ಕಿಂತ ಬಹಳ ಕಡಿಮೆ. ಮಗುವಿನ ಅಭಿಪ್ರಾಯವನ್ನೂ ಪರಿಗಣಿಸಲಾಗಿದೆ ಎಂದು ಅದರಲ್ಲಿ ಒಂದು ಸಾಲಿದೆ. ಯಾವ ಅಭಿಪ್ರಾಯ ಎಂದಿಲ್ಲ. “ಫೋಟೋ ಇದ್ದಿದ್ರೆ” ಎಂದು ಶುರುಮಾಡಿದ ವಕೀಲೆ ನನ್ನ ಮುಖ ನೋಡಿ ನಿಲ್ಲಿಸಿದರು. ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದೆ. ಹೋಗಿದ್ದೇವೆ. ನಾನು ಬಿಡುವವನಲ್ಲ.

ಅವಳು ಬಂದ ಮೊದಲ ರಾತ್ರಿಯ ನಂತರದ ಬೆಳಿಗ್ಗೆ, ಅಡುಗೆಮನೆಯ ಹೊಸ್ತಿಲಲ್ಲಿ ಕಣ್ಣುಜ್ಜುತ್ತ ನಿಂತಿದ್ದಳು. ಜಡ್ಜ್ ಹತ್ತಿರ ಏನು ಹೇಳಿದೆ ಎಂದು ಆಗ ಕೇಳಬಹುದಿತ್ತು. ಹಾಲು ಬೇಕಾ ಎಂದಷ್ಟೇ ಕೇಳಿದೆ.

ನನಗೆ ಇಷ್ಟು ಕಡಿಮೆ ಸಿಕ್ಕಿದ್ದು ಅವಳು ಹೇಳಿದ್ದರಿಂದಲೋ, ಅವಳು ಹೇಳಿದ್ದನ್ನು ಮೀರಿಯೋ? ಅವಳಿಗೇ ಇಷ್ಟು ಸಾಕಿತ್ತೋ? ಆ ಕೋಣೆಯಲ್ಲಿ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ.