ಗೋಡೆ ಹತ್ತಿದ ಭುಜ

ಜನರ ಭುಜಗಳ ವಿಷಯದಲ್ಲಿ ಟೈಲರ್ ಮಾಸ್ತರರಿಗೆ ಗೊತ್ತಿಲ್ಲದ ಗುಟ್ಟಿರಲಿಲ್ಲ. ಯಾರ ಎಡಭುಜ ಜೋತುಬಿದ್ದಿದೆ, ಬ್ಯಾಂಕ್ ಮ್ಯಾನೇಜರರ ಕೋಟಿನಲ್ಲಿ ಎದೆ ಎಷ್ಟು, ಹತ್ತಿ ಎಷ್ಟು, ಎಲ್ಲ ಬಾಯಿಪಾಠ. ಟೇಪು ಸುತ್ತುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗೆ ಅವರದು ಒಂದೇ ಮಾತು: "ಉಸಿರು ಬಿಡಿ ಸ್ವಾಮಿ. ನಾಳೆ ಇದನ್ನ ಹಾಕ್ಕೊಂಡು ಉಸಿರಾಡೋರು ನೀವೇ ತಾನೆ?"

ಇಂಥವರ ಸ್ವಂತ ಬಲಭುಜವೇ ಒಂದು ದಿನ ಹೇಳದೆ ಕೇಳದೆ ಮುಷ್ಕರ ಹೂಡಿತು. ಕೈ ಎದೆಮಟ್ಟಕ್ಕಿಂತ ಮೇಲೇಳದು. ದೊಡ್ಡ ಕತ್ತರಿ ಹಿಡಿದರೆ ಮೊಣಕೈವರೆಗೆ ಮಿಂಚು ಹೊಡೆದಂತೆ. ಕಟಿಂಗ್ ಮೇಜಿನ ಮುಂದೆ ಈಗ ಬಾಮೈದ ನಿಂತಿದ್ದ. ಅಲ್ಲಿಯವರೆಗೆ ಗುಂಡಿ, ಕಾಜಾ ಅಂತ ಮೂಲೆಯಲ್ಲಿ ಕೂತಿದ್ದವನು.

"ನೀವು ಆರಾಮಾಗಿರಿ ಭಾವ, ನಾನಿದೀನಲ್ಲ!"

ಆ 'ನಾನಿದೀನಲ್ಲ' ಭುಜಕ್ಕಿಂತ ಹೆಚ್ಚು ನೋಯುತ್ತಿತ್ತು. ಕೈ ಏಳದಿದ್ದರೆ ಮೇಜು ಕೈಬಿಟ್ಟಂತೆಯೇ.

ಫಿಸಿಯೋಥೆರಪಿಯ ಡಾಕ್ಟರಮ್ಮ ಒಂದು ವ್ಯಾಯಾಮ ಕೊಟ್ಟಳು. ಗೋಡೆಯೆದುರು ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸಬೇಕು. "ಎಷ್ಟೆತ್ತರ ಹೋಯ್ತು ಅನ್ನೋದಲ್ಲ ಮಾಸ್ಟ್ರೇ, ಹೆಂಗೆ ಹೋಯ್ತು ಅನ್ನೋದು ನೋಡಿ. ಭುಜ ಕಿವಿ ಹತ್ರ ಬರಬಾರ್ದು. ಸ್ವಲ್ಪ ಎಳೆದ್ರೆ ಪರವಾಗಿಲ್ಲ, ಚುಚ್ಚಿದ್ರೆ ಅಲ್ಲೇ ನಿಲ್ಲಿಸಿ." ಕಿವಿಯ ಈ ವಿಷಯವನ್ನು ಮಾಸ್ತರರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು.

ಮನೆಗೆ ಬಂದವರೇ ಬೆರಳು ಮುಟ್ಟಿದಲ್ಲಿ ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದರು. ಗೆರೆ ಬಿದ್ದ ಮೇಲೆ ಕೇಳಬೇಕೆ? ಮರುದಿನ ಅದಕ್ಕಿಂತ ಮೇಲೊಂದು, ಅದರ ಮೇಲೆ ಮತ್ತೊಂದು.

"ಇದೇನ್ರೀ, ಗೋಡೆಗೆ ಸಫಾರಿ ಹೊಲೀತಿದೀರಾ?" ಎಂದಳು ಹೆಂಡತಿ.

"ಅಳತೆ ಕಣೇ! ಅಳತೆ ಇಲ್ದಿರೋ ಕೆಲಸ ಒಂದು ಕೆಲಸವಾ?"

ಆದರೆ ಒಂದು ವಿಚಿತ್ರ. ಗೆರೆಯ ಜೊತೆ ನೋವೂ ಏರುತ್ತಿತ್ತು. ಬಲಮಗ್ಗುಲಿಗೆ ಮಲಗುವ ಹಾಗಿರಲಿಲ್ಲ. ಗೋಡೆಯ ಮೇಲೆ ಕಿಟಕಿಯ ನೆತ್ತಿ ಮುಟ್ಟುವ ಕೈ, ತಲೆ ಬಾಚಲು ಬಾ ಎಂದರೆ ಬಾರದು! ಇದ್ಯಾವ ಲೆಕ್ಕ? ನೋವು ಒಂದು ಕಡೆಗಿರಲಿ, ಈಗ ಮಾಸ್ತರರಿಗೆ ಕುತೂಹಲ ಹತ್ತಿತು. ಸರಿಯಾಗಿ ಕೂರದ ಕೋಟನ್ನು ಬೈದು ಪ್ರಯೋಜನವಿಲ್ಲ, ತಿರುವಿ ನೋಡಬೇಕು. ತಮ್ಮ ಹಳೆಯ ಬಿಗಿ ಕೋಟು ತೊಟ್ಟು, ಅಂಗಡಿಯ ನಿಲುವುಗನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಗೋಡೆಯ ಮೇಲೆ ಬೆರಳು ಹತ್ತಿಸಿದರು.

ಕನ್ನಡಿಯಲ್ಲಿ ಕಂಡವನನ್ನು ಅವರು ಒಂದು ಕ್ಷಣ ಯಾರೋ ಗಿರಾಕಿ ಎಂದುಕೊಂಡರು. ತೋಳಿನ ಹೊಲಿಗೆ ಕಿವಿಯನ್ನು ಮಾತಾಡಿಸುತ್ತಿತ್ತು. ಸೊಂಟ ಒಂದು ಪಕ್ಕಕ್ಕೆ ವಾಲಿತ್ತು. ಹಿಮ್ಮಡಿ ಚಪ್ಪಲಿ ಬಿಟ್ಟು ಮೇಲೆದ್ದಿತ್ತು.

ಊಟದ ಡಬ್ಬಿ ತಂದಿದ್ದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. "ಕೈ ಎಲ್ಲಿತ್ತೋ ಅಲ್ಲೇ ಇದೆಯಲ್ರೀ! ಅದನ್ನ ಬಿಟ್ಟು ನೀವೊಬ್ರೇ ಹತ್ತಿದೀರಿ." ಆಮೇಲೆ ಮೆಲ್ಲಗೆ, "ಉಸಿರು ಬಿಡಿ ಸ್ವಾಮಿ."

ಮಾಸ್ತರರು ಬಿಟ್ಟರು. ಭುಜ ದೊಪ್ಪನೆ ಇಳಿಯಿತು.

"ಇಲ್ಲಿ ಕೈ ಇಡು," ಎಂದರು. "ಭುಜ ಎದ್ರೆ ಒತ್ತು."

"ಅಂತೂ ನಿಮ್ಮನ್ನ ಒತ್ತೋ ಅಧಿಕಾರ ಸಿಕ್ತಪ್ಪ!"

ಹಿಮ್ಮಡಿ ನೆಲಕ್ಕೆ, ಬೆನ್ನು ನೇರಕ್ಕೆ, ಭುಜ ಹೆಂಡತಿಯ ಅಂಗೈ ಕೆಳಗೆ. ಹೀಗೆ ಹತ್ತಿಸಿದರೆ ಬೆರಳು ಗಲ್ಲದ ಮಟ್ಟಕ್ಕೇ ನಿಂತುಬಿಟ್ಟಿತು. ಆದರೆ ಚುಚ್ಚಲಿಲ್ಲ. ಸುಮ್ಮನೆ, ಹೊಸ ಬಟ್ಟೆ ಎಳೆದ ಹಾಗೆ ಎಳೆಯಿತು. 'ಅರೆ, ಡಾಕ್ಟರಮ್ಮ ಹೇಳಿದ್ದು ಇದನ್ನೇ!' ಮನೆಗೆ ಹೋಗಿ ಸುಳ್ಳು ಗೆರೆಗಳನ್ನೆಲ್ಲ ಅಳಿಸಹೊರಟರೆ, ಅಷ್ಟೆತ್ತರಕ್ಕೆ ಬಲಗೈ ನಿಲುಕಲಿಲ್ಲ. ಹೆಂಡತಿಯೇ ಸ್ಟೂಲು ಹತ್ತಿ ಒರೆಸಿದಳು.

ಗೆರೆಯ ಹಂಗಿಲ್ಲದ ಕೈ ನಿಧಾನವಾಗಿ, ಬಸವನಹುಳುವಿನ ಹಾಗೆ ಏರಿತು. ಒಂದು ಬೆಳಿಗ್ಗೆ ತಲೆ ಬಾಚಿ ಮುಗಿಸಿದ ಮೇಲೆ ಮಾಸ್ತರರಿಗೆ ಹೊಳೆಯಿತು: ಬಾಚಣಿಗೆ ಬಲಗೈಯಲ್ಲಿತ್ತು!

ಅಂದೇ ಅಂಗಡಿಯಲ್ಲಿ, "ಸ್ವಲ್ಪ ಜರುಗಪ್ಪ," ಎಂದು ಕತ್ತರಿ ತೆಗೆದುಕೊಂಡರು. ಭುಜ ಅಭ್ಯಾಸಬಲದಿಂದ ಕಿವಿಯ ಕಡೆ ಹೊರಟಿತು. ಅದನ್ನು ಇಳಿಸಿ, ಉಸಿರು ಬಿಟ್ಟು, ಒಂದು ಕಾಲರ್ ಕತ್ತರಿಸಿ ಕತ್ತರಿ ಕೆಳಗಿಟ್ಟರು.

"ಅಷ್ಟೇನಾ ಭಾವ? ಬರೀ ಕಾಲರ್ರಾ?"

"ಇವತ್ತಿಗೆ ಇಷ್ಟೇ. ಕೋಟು ನೀನೇ ಕತ್ತರಿಸು. ಆದ್ರೆ ಭುಜ ಇಳಿಸ್ಕೋ ಮಾರಾಯ, ಆಗ್ಲೇ ಕಿವಿಗೆ ಗುಟ್ಟು ಹೇಳ್ತಿದೆ."

ಬಾಮೈದ ಕತ್ತರಿ ಬಿಟ್ಟು ಕನ್ನಡಿಯ ಮುಂದೆ ಹೋಗಿ ನಿಂತ, ಪಕ್ಕಕ್ಕೆ ತಿರುಗಿ.