ಅತ್ತಿಂದಿತ್ತ ತಿರುಗಿದ ಡಿಶ್

ಗೆಳೆಯರೇ, ಇಳಕಲ್ಲಿನ ನಮ್ಮ ಮಾಳಿಗೆಯ ಮೇಲೆ ಇವತ್ತು ಮೋಟಾರು ಡಿಶ್ ಕೂತಿತು. ಚಾನೆಲ್ ಬದಲಿಸಿದರೆ ಅದು ತಾನಾಗಿ ಬೇರೆ ಉಪಗ್ರಹದ ಕಡೆ ನಿಧಾನಕ್ಕೆ ತಿರುಗುತ್ತದೆ. ಅಪ್ಪ ಕುಸ್ತಿಯ ಚಾನೆಲ್ ಹಾಕಿದರು. ಡಿಶ್ ಅಲ್ಲಿಗೆ ಮುಟ್ಟುವ ಮೊದಲೇ ಅವ್ವ ರಿಮೋಟ್ ಕಸಿದುಕೊಂಡು ಮರಾಠಿ ಧಾರಾವಾಹಿ ಒತ್ತಿದಳು. ಡಿಶ್ ಅರ್ಧ ದಾರಿಯಿಂದಲೇ ಮರಳಿತು.

“ತಡಿ, ಒಂದ ಕುಸ್ತಿ ನೋಡ್ತೇನಿ.”

“ಈಗ ನನ್ನ ಪಾಳಿ ರೀ!”

ಸಂಜೆಯೆಲ್ಲ ಇದೇ ಜಗಳ, ಟಿ.ವಿ.ಯಲ್ಲಿ ಏನೂ ಮೂಡಲಿಲ್ಲ. ಕೊನೆಗೆ ಅವ್ವ ಸಿಟ್ಟಿನಿಂದ ರಿಮೋಟ್ ನನ್ನ ಕೈಗೆ ಕೊಟ್ಟು, ಒಣಗಿದ ಬಟ್ಟೆ ತರುವ ನೆಪದಲ್ಲಿ ಮಾಳಿಗೆ ಹತ್ತಿದಳು. ಸಮಾಧಾನ ಮಾಡಲು ಅಪ್ಪನೂ ಹಿಂದೆಯೇ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅಪ್ಪನ ಕೂಗು:

“ಇನ್ನೊಮ್ಮಿ ಒತ್ತೋ ತಮ್ಮಾ, ಅದು ತಿರುಗೂದು ನಿಮ್ಮವ್ವ ಸರಿ ನೋಡಿಲ್ಲಂತ!”

ಇಷ್ಟೊಂದು ಚಾನೆಲ್ ಇದ್ದರೂ ಇಬ್ಬರಿಗೂ ಹಿಡಿಸಿದ್ದು ಡಿಶ್ ಒಂದೇ.