ಗಾಡಿ ನಿಂತ ಜಾಗ

ಫ್ರಿಜ್ಜು ರಿಪೇರಿ ಮಾಡುವವನಾದ್ದರಿಂದ ಕಂಪನಿಯಲ್ಲಿ ಎಲ್ಲರೂ ಅವನನ್ನು ಐಸಣ್ಣ ಅಂತಲೇ ಕರೆಯುತ್ತಿದ್ದರು. ಮನುಷ್ಯನೂ ಹಾಗೇ, ತಣ್ಣಗೆ. ಗಿರಾಕಿಗಳು ಎಷ್ಟೇ ಕೂಗಾಡಲಿ, ಮಂಡಿಯೂರಿ ಕೂತು ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ಸದ್ದು ಕೇಳುತ್ತಿದ್ದ. ಜೀವನದಲ್ಲಿ ಅವನು ಮುಂದೆ ನಿಂತು ನಡೆಸಿದ ದೊಡ್ಡ ಕೆಲಸವೆಂದರೆ ತಂಗಿಯ ಮದುವೆ. ಅದೇ ಅವನ ಕೊರಳಿಗೆ ಉರುಳಾಯಿತು.

ಹುಡುಗ ಅದೇ ಕಂಪನಿಯವನು. ಗಿರಾಕಿಗಳ ಫೋನು ತೆಗೆದುಕೊಂಡು, ಯಾವ ಗಾಡಿ ಯಾರ ಮನೆಗೆ ಹೋಗಬೇಕೆಂದು ಹೇಳುವ ಡೆಸ್ಕಿನವನು. ಬೆಣ್ಣೆಯಂಥ ಮಾತು. ಇಂಥ ಅಳಿಯ ಹುಡುಕಿದರೂ ಸಿಗಲ್ಲ ಅಂತ ಐಸಣ್ಣನೇ ಅಮ್ಮನನ್ನು ಒಪ್ಪಿಸಿದ್ದ. ಬಾಗಿಲು ಹಾಕಿಕೊಂಡರೆ ಅವನು ಬೇರೆಯೇ ಮನುಷ್ಯ ಅನ್ನುವುದು ಬಹಳ ದಿನ ತಂಗಿಗೆ ಮಾತ್ರ ಗೊತ್ತಿತ್ತು. ಅವಳ ಮಣಿಕಟ್ಟು ಮುರಿದು, ಸೊಟ್ಟಗೆ ಕೂಡಿಕೊಂಡ ಮೇಲೆ ಅಣ್ಣನಿಗೂ ಗೊತ್ತಾಯಿತು. ಪೊಲೀಸರು ಇಬ್ಬರನ್ನೂ ಕೂರಿಸಿ, ಹೊಂದಿಕೊಂಡು ಹೋಗಿ ಅಂತ ಬುದ್ಧಿ ಹೇಳಿ ಕಳಿಸಿದರು.

ಒಂದು ಬೆಳಿಗ್ಗೆ ಅವಳು ಉಟ್ಟ ಬಟ್ಟೆಯಲ್ಲೇ ಹೊರಟು ಬಂದಳು. ಊರಿನ ಇನ್ನೊಂದು ತುದಿಯಲ್ಲಿ ಬ್ಯಾಗು ಹೊಲಿಯುವ ಅಂಗಡಿಯೊಂದರ ಮೇಲೆ ಐಸಣ್ಣ ಅವಳಿಗೊಂದು ರೂಮು ಹಿಡಿದುಕೊಟ್ಟ. ಅಂಗಡಿಯಾಕೆ ಕೆಲಸವನ್ನೂ ಕೊಟ್ಟಳು. ಒಂದು ಮಂಚ, ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್ನು, ಮೂಲೆಯಲ್ಲಿ ಹಲ್ಲುದುರಿದ ಜಿಪ್ಪುಗಳ ಗುಡ್ಡೆ. ಅವಳು ಎಲ್ಲಿದ್ದಾಳೆಂದು ಅವನು ಅಮ್ಮನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಅಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಹೆಂಡತಿಗೆ ಸುಳ್ಳು ಹೇಳಲು ಬರುವುದಿಲ್ಲ. ತಂಗಿಯ ಗಂಡ ಕೇಳಿದಾಗ, ನನಗೂ ಗೊತ್ತಿಲ್ಲಪ್ಪ ಅಂದುಬಿಟ್ಟ. ಆತ ತಲೆಯಾಡಿಸಿ, ಅತ್ತೆ ಆರೋಗ್ಯವಾಗಿದ್ದಾರಾ ಅಂತ ವಿಚಾರಿಸಿಕೊಂಡು ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಐಸಣ್ಣ ಗಾಡಿಯನ್ನು ಆ ಓಣಿಯ ಬಾಯಿಗೆ ನಿಲ್ಲಿಸಿ ಮೇಲೆ ಹೋಗುತ್ತಿದ್ದ. ಇಬ್ಬರೂ ಡಬ್ಬಿ ಬಿಚ್ಚಿ ಒಟ್ಟಿಗೆ ಉಣ್ಣುತ್ತಿದ್ದರು. ಊರಿನವರ ಫ್ರಿಜ್ಜೆಲ್ಲ ಸರಿ ಮಾಡುವ ಅಣ್ಣ ತಂಗಿಗೆ ಮಾತ್ರ ಮಡಕೆ ತಂದುಕೊಟ್ಟಿದ್ದಾನೆಂದು ಅವಳು ಒಮ್ಮೆ ರೇಗಿಸಿ ನಕ್ಕಳು. ಎಷ್ಟೋ ಕಾಲದ ಮೇಲೆ ಅವಳ ನಗು ಕೇಳಿದ ಅವನು ತನ್ನ ಡಬ್ಬಿಯ ಪಲ್ಯವನ್ನೂ ಅವಳಿಗೇ ಬಡಿಸಿದ.

ಆ ವರ್ಷವೇ ಕಂಪನಿಯವರು ಗಾಡಿಗಳಿಗೆಲ್ಲ ಜಿಪಿಎಸ್ ಹಾಕಿಸಿದರು. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಸ್ಟೀರಿಂಗಿನ ಕೆಳಗೆ. ಗಾಡಿ ಕಳುವಾಗಬಾರದು, ಡೀಸೆಲ್ ಪೋಲಾಗಬಾರದು, ಅದಕ್ಕೆ ಅಂದರು ಮ್ಯಾನೇಜರು. ಅದನ್ನು ಯಾರು ನೋಡುತ್ತಾರೆ, ಊಟದ ಹೊತ್ತಲ್ಲೂ ನೋಡುತ್ತಾರಾ ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮೆಕ್ಯಾನಿಕ್ಕುಗಳಿಗೆ ಡೆಸ್ಕು ಅಂದರೆ ಫೋನಿನಲ್ಲಿ ಬರುವ ದನಿ ಅಷ್ಟೇ; ಆ ರೂಮಿಗೆ ಅವರು ಕಾಲಿಡುತ್ತಿರಲಿಲ್ಲ. ಗಾಡಿಗಳು ಓಡಾಡುವುದೆಲ್ಲ ಕಾಣುವ ಪರದೆಯನ್ನು ತಂದಿಟ್ಟಿದ್ದು ಅಲ್ಲೇ, ತಂಗಿಯ ಗಂಡನ ಕಣ್ಣೆದುರಿಗೆ.

ಒಂದು ಮಧ್ಯಾಹ್ನ ಐಸಣ್ಣ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಾಗ ತಂಗಿಯ ಗಂಡ ಮಂಚದ ಮೇಲೆ ಕೂತಿದ್ದ. ತಂಗಿ ಮೆಷಿನ್ನಿಗೆ ಬೆನ್ನು ಹಚ್ಚಿ ನಿಂತಿದ್ದಳು.

"ಬಾ ಐಸಣ್ಣ," ಅಂದ ಅವನು, ಫೋನಿನಲ್ಲಿ ಮಾತಾಡುವ ಅದೇ ನಯದಲ್ಲಿ. "ನಿನ್ನ ಗಾಡಿ ದಿನಾ ಇಲ್ಲೇ ನಿಲ್ಲತ್ತಲ್ಲ, ಏನಿರಬಹುದು ಅಂತ ನೋಡೋಕೆ ಬಂದೆ."

ಕೈಯೆತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ, ಸಾಮಾನು ಕಟ್ಟಿಕೊಂಡಿರು ಅಂತ ಹೆಂಡತಿಗೆ ಹೇಳಿದ. ಮೊಳೆಗೆ ತೂಗುಹಾಕಿದ್ದ ರೂಮಿನ ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡು ಇಳಿದುಹೋದ. ಐಸಣ್ಣ ಅವನನ್ನು ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಅನ್ನುವುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ನಾನು ಹೇಳ್ಲಿಲ್ಲ ಕಣೇ," ಅಂದ.

"ಗೊತ್ತು," ಅಂದಳು ತಂಗಿ. ಆಗಲೇ ಬಟ್ಟೆ ಮಡಚತೊಡಗಿದ್ದಳು.

ಎಲ್ಲಿಗಾದರೂ ಸರಿ, ತಾನೇ ಬಿಟ್ಟುಬರುತ್ತೇನೆಂದು ಅವನು ಗಾಡಿಯ ಕೀ ತೆಗೆದ. ಅವಳ ಮುಖ ನೋಡಿ ಮತ್ತೆ ಜೇಬಿಗಿಟ್ಟ. ಹಾಗಾದರೆ ಬಸ್‌ಸ್ಟ್ಯಾಂಡಿನ ತನಕ ನಡೆದಾದರೂ ಬರುತ್ತೇನೆಂದ. ಅವಳು ಅದಕ್ಕೂ ಒಪ್ಪಲಿಲ್ಲ.

"ಎಲ್ಲಿಗೆ ಹೋಗ್ತೀಯ ಅಂತ ಕೇಳಬೇಡ ಅಣ್ಣ. ನಿನಗೆ ಗೊತ್ತಿದ್ರೆ ತಾನೇ ಅವನಿಗೆ ಗೊತ್ತಾಗೋದು."

ಅಂಗಡಿಯಾಕೆ ಒಂದು ಹಳೆಯ ಬ್ಯಾಗು ಕೊಟ್ಟಳು. ಅದನ್ನು ಒಳ್ಳೆಯ ಕೈಗೆ ಹಾಕಿಕೊಂಡು ತಂಗಿ ಓಣಿ ದಾಟಿ ಹೋದಳು. ತಿರುಗಿ ನೋಡಲಿಲ್ಲ.

ಮರುದಿನ ಐಸಣ್ಣ ಮ್ಯಾನೇಜರ ಮುಂದೆ ನಿಂತು, ಹುಟ್ಟಿದಾಗಿನಿಂದ ಮಾತಾಡದಷ್ಟು ಮಾತಾಡಿದ. ಮ್ಯಾನೇಜರು ಕೆಟ್ಟವರೇನಲ್ಲ, ಪೂರ್ತಿ ಕೇಳಿಸಿಕೊಂಡರು. ಮನೆ ಜಗಳವನ್ನು ಕಂಪನಿಗೆ ತರಬಾರದು, ಗಾಡಿ ಎಲ್ಲಿದೆ ಅಂತ ನೋಡುವುದೇ ಡೆಸ್ಕಿನವನ ಕೆಲಸ ಅಂದರು. ಆಮೇಲೆ, ಕಂಪನಿ ಗಾಡಿಯನ್ನು ದಿನವೂ ಸ್ವಂತ ಕೆಲಸಕ್ಕೆ ಯಾಕೆ ನಿಲ್ಲಿಸಿದೆ ಅಂತ ಅವನನ್ನೇ ಕೇಳಿದರು. ಇನ್ನೊಮ್ಮೆ ಹೀಗಾದರೆ ಚೆನ್ನಾಗಿರಲ್ಲ ಅಂದರು. ಜೊತೆಯ ಮೆಕ್ಯಾನಿಕ್ಕುಗಳು ಪಾಪ ಅಂದರು. ಹಾಗಂದು ತಮ್ಮ ತಮ್ಮ ಗಾಡಿ ಹತ್ತಿದರು. ಬೇರೆ ಕೆಲಸಕ್ಕೂ ಅವನು ಅಲೆದ. ಹೋದ ಕಡೆಯಲ್ಲೆಲ್ಲ ಗಾಡಿಗಳಲ್ಲಿ ಅದೇ ಡಬ್ಬಿ, ಮೇಲಾಗಿ ಅವನಿಗೆ ವಯಸ್ಸಾಯಿತೆಂಬ ಮಾತು. ಹಳೆಯ ಕೆಲಸದಲ್ಲೇ ಉಳಿದ.

ಮಳೆಗಾಲ ಕಳೆದ ಮೇಲೆ ಅಮ್ಮನಿಗೆ ಯಾವುದೋ ನಂಬರಿನಿಂದ ಒಂದು ಫೋನು ಬಂತು. ಚೆನ್ನಾಗಿದ್ದೀನಿ ಅಂದವಳೇ ತಂಗಿ ಇಟ್ಟುಬಿಟ್ಟಳು. ಅಮ್ಮ ಅದೇ ನಂಬರಿಗೆ ಮಾಡಿದಾಗ ಯಾರೋ ಗಂಡಸು ಎತ್ತಿ, ಇದು ಅಂಗಡಿ ಫೋನು, ದಿನಕ್ಕೆ ಎಷ್ಟೋ ಜನ ಮಾಡ್ತಾರೆ ಅಂದ. ಮತ್ತೆ ಫೋನು ಬರಲಿಲ್ಲ. ಮಗಳ ಸುದ್ದಿ ಏನಾದರೂ ಸಿಕ್ಕಿತಾ ಅಂತ ಅಮ್ಮ ಈಗ ಮಗನನ್ನು ಕೇಳುವುದಿಲ್ಲ. ಊಟ ಬಡಿಸಿ ಒಳಗೆ ಹೋಗಿಬಿಡುತ್ತಾಳೆ.

ಡೆಸ್ಕಿನವನು ಇನ್ನೂ ಡೆಸ್ಕಿನಲ್ಲೇ ಇದ್ದಾನೆ. ಬೆಳಿಗ್ಗೆ ಅವನೇ ಫೋನು ಮಾಡುತ್ತಾನೆ. ಪರದೆಯ ಮೇಲೆ ಕಾಣುತ್ತಿದ್ದರೂ, "ಎಲ್ಲಿದ್ದೀಯ ಐಸಣ್ಣ?" ಅಂತ ಕೇಳುತ್ತಾನೆ. ಐಸಣ್ಣ ಎಲ್ಲಿದ್ದೇನೆಂದು ಹೇಳುತ್ತಾನೆ.